ಏಳು ತಿಂಗಳಿಗೇ ಹುಟ್ಟಿದ ಕೂಸಿಗೆ ಬಿಪಿ ನೋಡಬೇಕೇ? ಓದುಗರ ಪ್ರಶ್ನೆ, ತಜ್ಞರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ. ದಿನ ತುಂಬುವ ಮೊದಲೇ ಹುಟ್ಟಿ, ಇಲ್ಲಿ ಮಹಾರಾಷ್ಟ್ರದ ಕಡೆ ಎಲ್ಲರೂ ‘ಕಾಚಿನ ಪೇಟಿ’ ಎನ್ನುವ ಇನ್‌ಕ್ಯುಬೇಟರಿನಲ್ಲಿ ಕೆಲವು ವಾರ ಕಳೆದು ಮನೆಗೆ ಬಂದ ಮಕ್ಕಳ ರಕ್ತದೊತ್ತಡ. ಒಬ್ಬ ಮಕ್ಕಳ ತಜ್ಞರು ಮತ್ತು ಒಬ್ಬ ಮಕ್ಕಳ ಮೂತ್ರಪಿಂಡ ತಜ್ಞರು ಸೇರಿ ಉತ್ತರಿಸಿದ್ದಾರೆ. ಬರೆದವರ ಹೆಸರು ಬಿಟ್ಟು ಊರು ಮಾತ್ರ ಉಳಿಸಿದ್ದೇವೆ.

ಪ್ರಶ್ನೆ: ನನ್ನ ಮಗ 29 ವಾರಕ್ಕೇ ಹುಟ್ಟಿದ. ತೂಕ 1,150 ಗ್ರಾಂ. 52 ದಿನ ನವಜಾತ ಶಿಶುಗಳ ತೀವ್ರ ನಿಗಾ ಘಟಕವಾದ ಎನ್‌ಐಸಿಯುನಲ್ಲಿದ್ದ. ಈಗ ಹದಿನಾಲ್ಕು ತಿಂಗಳು, ಗೋಡೆ ಹಿಡಿದು ನಡೆಯುತ್ತಾನೆ. ಮನೆ ಬದಲಿಸಿದ ಮೇಲೆ ಹೊಸ ಡಾಕ್ಟರ ಹತ್ತಿರ ಹೋದೆವು. ಬಂದಾಗಲೆಲ್ಲ ಬಿಪಿ ನೋಡಬೇಕು ಎಂದರು. ಹಿಂದಿನ ಡಾಕ್ಟರು ಮೂರು ವರ್ಷ ಆಗಲಿ ಎಂದಿದ್ದರು. ನಮ್ಮ ಅತ್ತೆಯಂತೂ ‘ಹಾಲು ಕುಡಿಯುವ ಕೂಸಿಗೆ ಎಂಥ ಬಿಪಿ’ ಎಂದು ನಗುತ್ತಾರೆ. ಯಾರ ಮಾತು ಕೇಳಲಿ?
(ಒಬ್ಬ ತಾಯಿ, ಡೊಂಬಿವಿಲಿ)

ಉತ್ತರ: ಹೊಸ ಡಾಕ್ಟರ ಮಾತು ಕೇಳಿ. ಹಿಂದಿನವರು ಹೇಳಿದ್ದು ದಿನ ತುಂಬಿ ಹುಟ್ಟಿದ, ಬೇರೆ ತೊಂದರೆಯಿಲ್ಲದ ಮಕ್ಕಳಿಗೆ ಸರಿ. ಅಂಥವರಿಗೆ ಮೂರು ವರ್ಷ ತುಂಬಿದ ಮೇಲೆ ವರ್ಷಕ್ಕೊಮ್ಮೆ ನೋಡಿದರೆ ಸಾಕು. ಆದರೆ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2017ರಲ್ಲಿ ಹೊರಡಿಸಿದ, ನಮ್ಮಲ್ಲೂ ಬಹಳ ವೈದ್ಯರು ಅನುಸರಿಸುವ ಮಾರ್ಗಸೂಚಿಯಲ್ಲಿ ಮೂರು ವರ್ಷದವರೆಗೆ ಕಾಯಬಾರದ ಮಕ್ಕಳ ಪಟ್ಟಿಯೇ ಇದೆ. ಅದರ ಮೊದಲ ಸಾಲಿನಲ್ಲೇ ನಿಮ್ಮ ಮಗ ಬರುತ್ತಾನೆ: 32 ವಾರಕ್ಕೆ ಮೊದಲು ಹುಟ್ಟಿದವರು, ಹುಟ್ಟಿದಾಗ 1,500 ಗ್ರಾಮಿಗಿಂತ ಕಡಿಮೆ ಇದ್ದವರು, ವಾರಕ್ಕೆ ತಕ್ಕ ತೂಕವಿಲ್ಲದೆ ಹುಟ್ಟಿದವರು, ಹುಟ್ಟಿದ ಕೂಡಲೇ ತೀವ್ರ ನಿಗಾ ಘಟಕ ಸೇರಬೇಕಾದವರು, ಹೊಕ್ಕುಳಿನ ಅಪಧಮನಿಯಲ್ಲಿ ನಳಿಕೆ ಹಾಕಿಸಿಕೊಂಡವರು. ಇವರಲ್ಲದೆ ಹುಟ್ಟಿನಿಂದ ಹೃದಯದ ತೊಂದರೆ ಇರುವವರು, ಮೂತ್ರದ ಸೋಂಕು ಮತ್ತೆ ಮತ್ತೆ ಆಗುವವರು, ಮೂತ್ರಪಿಂಡದ ದೋಷ ಇರುವವರು ಅಥವಾ ಮನೆತನದಲ್ಲಿ ಅಂಥದ್ದು ಇರುವವರೂ ಸೇರುತ್ತಾರೆ. ಇವರಿಗೆಲ್ಲ ತಪಾಸಣೆಗೆ ಬಂದಾಗಲೆಲ್ಲ ಬಿಪಿ ನೋಡಬೇಕು.

ಕಾರಣ ಮೂತ್ರಪಿಂಡದಲ್ಲಿದೆ. ರಕ್ತ ಸೋಸುವ ಚಿಕ್ಕ ಚಿಕ್ಕ ಘಟಕಗಳಿಗೆ ನೆಫ್ರಾನ್ ಎಂದು ಹೆಸರು. ಒಂದೊಂದು ಮೂತ್ರಪಿಂಡದಲ್ಲಿ ಸರಾಸರಿ ಹತ್ತು ಲಕ್ಷ ಇರುತ್ತವೆ. ಇವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ತಯಾರಾಗುವುದು ಬಸಿರಿನ ಕೊನೆಯ ಮೂರು ತಿಂಗಳಲ್ಲಿ, 34ರಿಂದ 36ನೇ ವಾರದ ಹೊತ್ತಿಗೆ ಕೆಲಸ ಮುಗಿಯುತ್ತದೆ. ಆಮೇಲೆ ಜೀವಮಾನದಲ್ಲಿ ಒಂದೇ ಒಂದು ಹೊಸ ನೆಫ್ರಾನ್ ಹುಟ್ಟುವುದಿಲ್ಲ. 29 ವಾರಕ್ಕೆ ಹುಟ್ಟಿದ ಕೂಸಿಗೆ ಹೊರಗೆ ಬಂದ ಮೇಲೂ ಕೆಲವು ವಾರ ಇವು ಬೆಳೆಯುತ್ತವೆ. ಆದರೆ ಆ ದಿನಗಳಲ್ಲೇ ಸೋಂಕು, ಆಮ್ಲಜನಕದ ಏರುಪೇರು, ಜೆಂಟಾಮೈಸಿನ್, ಅಮಿಕಾಸಿನ್‌ನಂಥ ಆ್ಯಂಟಿಬಯೋಟಿಕ್, ಹುಟ್ಟಿದ ಮೇಲೂ ತೆರೆದೇ ಉಳಿದ ಹೃದಯದ ಬಳಿಯ ನಾಳ ಮುಚ್ಚಲು ಕೊಡುವ ಇಂಡೊಮೆಥಾಸಿನ್ ಅಥವಾ ಐಬುಪ್ರೊಫೆನ್, ಎಲ್ಲವೂ ಅದೇ ಮೂತ್ರಪಿಂಡದ ಮೇಲೆ ಬೀಳುತ್ತವೆ. ಜೀವ ಉಳಿಸಲು ಇವು ಬೇಕಾಗಿದ್ದವು, ಕೊಟ್ಟವರನ್ನು ದೂರುವಂತಿಲ್ಲ. ಹೀಗೆ ನೆಫ್ರಾನ್ ಕಡಿಮೆಯಾದಾಗ ಉಳಿದವು ಎರಡು ಪಾಲು ದುಡಿಯುತ್ತವೆ, ಒಳಗಿನ ಒತ್ತಡ ಏರುತ್ತದೆ, ಕಾಲಾಂತರದಲ್ಲಿ ಅವೂ ಸವೆಯುತ್ತವೆ. ಅಮೆರಿಕದ ಬ್ಯಾರಿ ಬ್ರೆನರ್ ಮತ್ತು ಜೊತೆಗಾರರು 1988ರಲ್ಲಿ ಮುಂದಿಟ್ಟ ವಾದ ಇದು. ನಾಳಗಳ ಗೋಡೆಯ ಬೆಳವಣಿಗೆಯೂ ಅವಧಿಗೆ ಮೊದಲೇ ಹುಟ್ಟಿದವರಲ್ಲಿ ಬೇರೆಯೇ ಆಗುತ್ತದೆ.

ಹೊಕ್ಕುಳ ನಳಿಕೆಯ ವಿಷಯ ಬೇರೆ. ಅದರ ತುದಿಯಲ್ಲಿ ರಕ್ತ ಹೆಪ್ಪುಗಟ್ಟಿ ಸಣ್ಣ ಚೂರು ಮೂತ್ರಪಿಂಡದ ನಾಳಕ್ಕೆ ಹೋಗಿ ಕೂತರೆ ಬಿಪಿ ಏರುತ್ತದೆ. ಕೂಸಿನ ಡಿಸ್ಚಾರ್ಜ್ ಕಾಗದದಲ್ಲಿ ‘ಯುಎಸಿ’ (UAC, ಇದೇ ನಳಿಕೆಯ ಹೆಸರು) ಎಂಬ ಮೂರು ಅಕ್ಷರ ಇದೆಯೇ ನೋಡಿ. ಹುಟ್ಟಿದ ಮೇಲೆ ಶ್ವಾಸಕೋಶದ ದೀರ್ಘ ತೊಂದರೆ (‘ಬಿಪಿಡಿ’ ಎಂದು ಬರೆದಿರುತ್ತಾರೆ, ಬಿಪಿಗೂ ಇದಕ್ಕೂ ಗೊಂದಲ ಬೇಡ) ಇದ್ದ ಮಕ್ಕಳಲ್ಲೂ, ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಪಡೆದವರಲ್ಲೂ ಏರಿದ್ದು ಕಾಣುತ್ತದೆ. ಸಮಾಧಾನದ ಮಾತೂ ಇದೆ: ಎನ್‌ಐಸಿಯುವಿನಲ್ಲಿ ಏರಿದ ಬಿಪಿ ಬಹುಪಾಲು ಮಕ್ಕಳಲ್ಲಿ ಮೊದಲ ಒಂದೆರಡು ವರ್ಷದೊಳಗೆ ತಾನಾಗಿ ಇಳಿಯುತ್ತದೆ.

ಮುಚ್ಚಿಡಬಾರದ ಮಾತು ಇನ್ನೊಂದು. ಯಾವ ಲಕ್ಷಣವೂ ಇಲ್ಲದ 3ರಿಂದ 18 ವರ್ಷದ ಮಕ್ಕಳಿಗೆಲ್ಲ ಬಿಪಿ ತಪಾಸಣೆ ಮಾಡಿದರೆ ಲಾಭವೋ ನಷ್ಟವೋ ಹೇಳಲು ಪುರಾವೆ ಸಾಲದು ಎಂದು ಅಮೆರಿಕದ ರೋಗತಡೆ ಸೇವೆಗಳ ಕಾರ್ಯಪಡೆ 2020ರಲ್ಲಿ ಹೇಳಿದೆ. ಅದು ಎಲ್ಲ ಮಕ್ಕಳ ಮಾತು. ನಿಮ್ಮ ಮಗನಂಥ, ಕಾರಣ ಮೊದಲೇ ಗೊತ್ತಿರುವ ಮಕ್ಕಳ ವಿಷಯದಲ್ಲಿ ನೋಡುವುದೇ ಒಳ್ಳೆಯದು ಎಂಬುದು ನಮ್ಮ ಅಭಿಪ್ರಾಯ. ಅತ್ತೆಯವರಿಗೆ ಹೀಗೆ ಹೇಳಿ: ಕೂಸಿಗೆ ಬಿಪಿ ಬಂದಿದೆ ಎಂದು ಯಾರೂ ಹೇಳಿಲ್ಲ, ತೂಕ, ಎತ್ತರ, ತಲೆಯ ಸುತ್ತಳತೆ ನೋಡಿದ ಹಾಗೆ ಇದನ್ನೂ ನೋಡುತ್ತಾರೆ ಅಷ್ಟೇ.

ಪ್ರಶ್ನೆ: ಮಗಳಿಗೆ ಎರಡೂವರೆ ವರ್ಷ. 31 ವಾರಕ್ಕೆ ಹುಟ್ಟಿದವಳು. ನಮ್ಮ ತಂದೆಯವರ ಬಿಪಿ ಮಷಿನ್ ಮನೆಯಲ್ಲೇ ಇದೆ. ಅದರಲ್ಲಿ ನೋಡಿದರೆ 78/46 ಬಂತು. ಕ್ಲಿನಿಕ್ಕಿನಲ್ಲಿ ಅದೇ ವಾರ 121/79. ಇನ್ನೊಂದು ಕಡೆ ‘ಚಿಕ್ಕವರ ಕಫ್ ಇಲ್ಲ, ಬೇಡ ಬಿಡಿ’ ಎಂದರು. ಯಾವುದನ್ನು ನಂಬಬೇಕು?
(ಒಬ್ಬ ತಂದೆ, ಚಿಂಚವಡ, ಪುಣೆ)

ಉತ್ತರ: ಮೂರರಲ್ಲಿ ಪ್ರಾಮಾಣಿಕವಾದ ಮಾತು ‘ಕಫ್ ಇಲ್ಲ, ಬೇಡ ಬಿಡಿ’ ಎಂದವರದು. ಮಕ್ಕಳ ಬಿಪಿಯಲ್ಲಿ ಆಗುವ ತಪ್ಪುಗಳಲ್ಲಿ ದೊಡ್ಡ ಪಾಲು ಈ ಕಫ್, ಅಂದರೆ ತೋಳುಪಟ್ಟಿಯದೇ.

ಪಟ್ಟಿಯ ಬಟ್ಟೆಯೊಳಗೆ ಗಾಳಿ ತುಂಬುವ ರಬ್ಬರ್ ಚೀಲ ಇರುತ್ತದೆ. ಲೆಕ್ಕಕ್ಕೆ ಬರುವುದು ಆ ಚೀಲದ ಅಳತೆ, ಬಟ್ಟೆಯದಲ್ಲ. ಭುಜದ ಎಲುಬಿನ ತುದಿಗೂ ಮೊಣಕೈಯ ತುದಿಗೂ ನಟ್ಟನಡುವೆ ತೋಳಿನ ಸುತ್ತಳತೆ ತೆಗೆದುಕೊಳ್ಳಬೇಕು. ಚೀಲದ ಅಗಲ ಆ ಸುತ್ತಳತೆಯ ಕನಿಷ್ಠ ಶೇ. 40, ಉದ್ದ ಶೇ. 80ರಿಂದ 100 ಇರಬೇಕು. ನಿಮ್ಮ ಮಗಳ ತೋಳು 15 ಸೆಂ.ಮೀ. ಎಂದುಕೊಳ್ಳಿ. ಅಗಲ 6, ಉದ್ದ 12 ಸೆಂ.ಮೀ. ಚೀಲ ಬೇಕು. ‘ಇನ್‌ಫಂಟ್’ ಎಂದು ಬರೆದ ಪಟ್ಟಿಯ ಅಳತೆ ಸಾಮಾನ್ಯವಾಗಿ ಅದೇ, 15 ಸೆಂ.ಮೀ.ವರೆಗಿನ ತೋಳಿಗೆ ಆಗುತ್ತದೆ. 15 ದಾಟಿ 22ರವರೆಗೆ ‘ಚೈಲ್ಡ್’ ಪಟ್ಟಿ, ಅಳತೆ 9 ಮತ್ತು 18. ತೀರಾ ಚಿಕ್ಕ ಶಿಶುವಿನ ಪಟ್ಟಿ 4 ಮತ್ತು 8, ಅದು 10 ಸೆಂ.ಮೀ. ತೋಳಿನವರೆಗೆ. ಹೆಸರು ನಂಬಿ ಮೋಸಹೋಗಬೇಡಿ, ಟೇಪು ಹಿಡಿದು ಅಳೆಯಿರಿ. ಒಂದೇ ಹೆಸರಿನ ಪಟ್ಟಿ ಕಂಪನಿಯಿಂದ ಕಂಪನಿಗೆ ಬೇರೆ ಇರುತ್ತದೆ. ಎರಡರ ನಡುವೆ ಬಿದ್ದರೆ ದೊಡ್ಡದನ್ನೇ ತೆಗೆದುಕೊಳ್ಳಿ. ಏಕೆಂದರೆ ಚಿಕ್ಕ ಪಟ್ಟಿ ಅಂಕವನ್ನು ಸುಳ್ಳಾಗಿ ಏರಿಸುವಷ್ಟು ದೊಡ್ಡ ಪಟ್ಟಿ ಇಳಿಸುವುದಿಲ್ಲ. ಆದರೆ ಅಜ್ಜನ ಪಟ್ಟಿ 22ರಿಂದ 32 ಸೆಂ.ಮೀ. ತೋಳಿನದು. ಮಗಳ ತೋಳಿಗೆ ಅದು ಶಾಲು ಹೊದೆಸಿದ ಹಾಗೆ, ಅದರಲ್ಲಿ ಬಂದ 78/46 ಲೆಕ್ಕಕ್ಕಿಲ್ಲ.

ಕ್ಲಿನಿಕ್ಕಿನ 121/79 ಬಗ್ಗೆ ಕೇಳಬೇಕಾದ್ದು: ಮಗು ಅಳುತ್ತಿತ್ತೇ? ಲಸಿಕೆಯ ಸೂಜಿಯ ನಂತರವೇ? ಹಾಲು ಕುಡಿಯುತ್ತಿತ್ತೇ? ಇವೆಲ್ಲ ಅಂಕ ಏರಿಸುತ್ತವೆ. ಆದ್ದರಿಂದ ಕೋಣೆಗೆ ಹೋದ ಕೂಡಲೇ ಮೊದಲ ಕೆಲಸವಾಗಿ ಬಿಪಿ, ಆಮೇಲೆ ಕಿವಿ, ಗಂಟಲು, ಎಲ್ಲಕ್ಕಿಂತ ಕೊನೆಗೆ ಸೂಜಿ. ಈ ಕ್ರಮ ಕೇಳಿ ಮಾಡಿಸಿಕೊಳ್ಳಿ, ಯಾರೂ ಬೇಸರಪಡುವುದಿಲ್ಲ. ಮಗುವನ್ನು ನಿಮ್ಮ ತೊಡೆಯ ಮೇಲೆ, ಬೆನ್ನು ನಿಮ್ಮ ಎದೆಗೆ ಒರಗುವಂತೆ 3ರಿಂದ 5 ನಿಮಿಷ ಕೂರಿಸಿ. ಬಲತೋಳೇ ಬೇಕು. ಮಕ್ಕಳ ಸಹಜ ಬಿಪಿ ತಿಳಿಸುವ ಕೋಷ್ಟಕಗಳು ಬಲತೋಳಿನ ಅಂಕದಿಂದಲೇ ಆದವು, ಅದಲ್ಲದೆ ಮಹಾಪಧಮನಿ (ಹೃದಯದಿಂದ ಹೊರಡುವ ಮುಖ್ಯ ರಕ್ತನಾಳ) ಒಂದು ಕಡೆ ಕಿರಿದಾಗಿದ್ದರೆ ಎಡತೋಳು ಸುಳ್ಳಾಗಿ ಕಡಿಮೆ ತೋರಿಸಬಹುದು. ತೋಳು ಬರಿದಾಗಿರಲಿ, ಸ್ವೆಟರ್ ತೋಳನ್ನು ಮೇಲಕ್ಕೆ ಸುತ್ತಿ ಬಿಗಿ ಮಾಡಬೇಡಿ. ಪಟ್ಟಿಯ ಮಧ್ಯ ಎದೆಯ ಮಟ್ಟದಲ್ಲಿ, ಕೆಳಅಂಚು ಮೊಣಕೈ ಮಡಿಕೆಯಿಂದ 2–3 ಸೆಂ.ಮೀ. ಮೇಲೆ ಇರಲಿ.

ಯಂತ್ರಗಳ ವಿಷಯ. ಗುಂಡಿ ಒತ್ತಿದರೆ ತಾನೇ ಓದುವ ಮಷಿನ್ ನಿಜವಾಗಿ ಹಿಡಿಯುವುದು ನಾಳದ ಕಂಪನ, ಅದರಿಂದ ಸರಾಸರಿ ಒತ್ತಡ. ಮೇಲಿನ, ಕೆಳಗಿನ ಅಂಕಗಳನ್ನು ಕಂಪನಿಯ ಸ್ವಂತ ಲೆಕ್ಕದಿಂದ ಕಟ್ಟುತ್ತದೆ. ಅದಕ್ಕೇ ಒಂದು ಮಷಿನ್ನಿಗೂ ಇನ್ನೊಂದಕ್ಕೂ ಹೊಂದುವುದಿಲ್ಲ. ಮೊದಲ ಸಲ ಅದು ಪಟ್ಟಿಯನ್ನು ಬಹಳ ಬಿಗಿಯುತ್ತದೆ, ಮಗು ಬೆದರುತ್ತದೆ, ಅಂಕ ಏರುತ್ತದೆ. ಜರಡಿ ಹಿಡಿಯಲು ಈ ಮಷಿನ್ ಸಾಕು. ಅಂಕ ಹೆಚ್ಚು ಬಂದರೆ ಅದೇ ಭೇಟಿಯಲ್ಲಿ ಇನ್ನೆರಡು ಸಲ ನೋಡಿ ಆ ಎರಡರ ಸರಾಸರಿ ತೆಗೆಯಬೇಕು, ಆಗಲೂ ಹೆಚ್ಚಿದ್ದರೆ ಸ್ಟೆತೊಸ್ಕೋಪ್ ಇಟ್ಟು ಕೈಯಿಂದ ನೋಡಬೇಕು: ಮಣಿಕಟ್ಟಿನ ನಾಡಿ ನಿಂತ ಅಂಕಕ್ಕಿಂತ 20–30 ಮೇಲಕ್ಕೆ ಗಾಳಿ ತುಂಬಿ, ಸೆಕೆಂಡಿಗೆ 2–3 ಅಂಕದ ವೇಗದಲ್ಲಿ ಬಿಡುತ್ತ ಸದ್ದು ಶುರುವಾಗುವುದು ಮೇಲಿನ ಅಂಕ, ನಿಲ್ಲುವುದು ಕೆಳಗಿನದು. ಕೆಲವು ಮಕ್ಕಳಲ್ಲಿ ಸದ್ದು ಸೊನ್ನೆಯವರೆಗೂ ನಿಲ್ಲುವುದೇ ಇಲ್ಲ. ಆಗ ಸದ್ದು ಮಂಕಾದ ಜಾಗವನ್ನೇ ಕೆಳಗಿನ ಅಂಕವೆಂದು ಬರೆಯಬೇಕು. ಅವಸರದಲ್ಲಿ ಗಾಳಿ ಬೇಗ ಬಿಟ್ಟರೆ ಮೇಲಿನದು ಕಡಿಮೆ, ಕೆಳಗಿನದು ಹೆಚ್ಚು ಬರುತ್ತದೆ.

ಕೈಕೂಸುಗಳಿಗೆ ಇದೇ ಕೆಲಸ ನಿದ್ದೆಯಲ್ಲಿ ಚೆನ್ನಾಗಿ ಆಗುತ್ತದೆ. ಹಾಲು ಕುಡಿದು ಒಂದೂವರೆ ಗಂಟೆಯಾದ ಮೇಲೆ ಪಟ್ಟಿ ಕಟ್ಟಿ, 15 ನಿಮಿಷ ಮುಟ್ಟದೆ ಬಿಟ್ಟು, 2 ನಿಮಿಷಕ್ಕೊಂದರಂತೆ ಮೂರು ಸಲ ಅಳೆಯುವುದು ಒಳ್ಳೆಯ ಪದ್ಧತಿ. ಗದ್ದಲದ ಓಪಿಡಿಯಲ್ಲಿ ಇದು ಆಗದು. ದಾದಿಗೆ ಹೇಳಿ ಬದಿಯ ಕೋಣೆಯಲ್ಲಿ ಕೂತು, ಪಟ್ಟಿ ಕಟ್ಟಿಸಿಕೊಂಡು ಮಗು ಮಲಗುವವರೆಗೆ ಕಾಯಿರಿ.

ಬರೆದಿಡುವಾಗ ಬರಿ ಅಂಕ ಸಾಲದು. ತೋಳು ಯಾವುದು, ಪಟ್ಟಿ ಯಾವುದು, ಮಷಿನ್ನೋ ಕೈಯೋ, ಮಗು ಸುಮ್ಮನಿತ್ತೋ ಅತ್ತಿತೋ, ಇಷ್ಟೂ ಪಕ್ಕದಲ್ಲಿ ಇರಬೇಕು. ‘121/79, ಅಳುತ್ತಿತ್ತು’ ಎಂದು ಬರೆದಿದ್ದರೆ ನಿಮ್ಮ ಪತ್ರವೇ ಬೇಕಾಗುತ್ತಿರಲಿಲ್ಲ. ಆದರೂ ಅದನ್ನು ಹಾಗೇ ಬಿಡಬೇಡಿ, ಈ ವಾರವೇ ಸರಿಯಾದ ಪಟ್ಟಿ ಇರುವಲ್ಲಿ ಮತ್ತೆ ನೋಡಿಸಿ.

ಪ್ರಶ್ನೆ: ನಾವು ಕಟ್ಟಡ ಕೆಲಸಕ್ಕೆ ಬಾಗಲಕೋಟೆ ಕಡೆಯಿಂದ ಬಂದವರು. ಮಗಳು ಇಲ್ಲೇ ಹುಟ್ಟಿದಳು, ಏಳು ತಿಂಗಳಿಗೆ. ಈಗ ಎರಡು ವರ್ಷ. ಬಿಪಿ 104/62 ಬಂದದ. ಸಿಸ್ಟರ್ ಅವರು 120/80ರ ಒಳಗ ಐತಿ, ಚಿಂತಿ ಇಲ್ಲ ಅಂದ್ರು. ಹೌದೇನ್ರಿ?
(ಒಬ್ಬ ತಾಯಿ, ವಾಸ್ಕೊ)

ಉತ್ತರ: ಇಲ್ಲ ತಾಯಿ. 120/80 ಹದಿಮೂರು ವರ್ಷ ತುಂಬಿದವರಿಗೆ ಮತ್ತು ದೊಡ್ಡವರಿಗೆ. ಎರಡು ವರ್ಷದ ಹೆಣ್ಣುಮಗುವಿಗೆ ಎಚ್ಚರಿಕೆಯ ಗೆರೆ 101/58. ನಿಮ್ಮ ಮಗಳ ಎರಡೂ ಅಂಕ ಅದನ್ನು ದಾಟಿವೆ.

ಮಕ್ಕಳಲ್ಲಿ ಒಂದೇ ಗೆರೆ ಎಲ್ಲರಿಗೂ ಇಲ್ಲ. ವಯಸ್ಸು, ಗಂಡು–ಹೆಣ್ಣು, ಎತ್ತರ ಮೂರನ್ನೂ ನೋಡಿ ಕೋಷ್ಟಕದಲ್ಲಿ ಹುಡುಕಬೇಕು. ಒಂದೇ ವಯಸ್ಸಿನ, ಒಂದೇ ಎತ್ತರದ ನೂರು ಮಕ್ಕಳನ್ನು ಬಿಪಿಯ ಏರಿಕೆಯ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದರೆ 90ನೆಯ ಮಗುವಿನ ಅಂಕದವರೆಗೆ ಸಹಜ. ಅಲ್ಲಿಂದ 95ರವರೆಗೆ ‘ಏರಿದ ಬಿಪಿ’. 95ನೆಯದನ್ನು ಮುಟ್ಟಿದರೆ ಮೊದಲ ಹಂತದ ಅಧಿಕ ಒತ್ತಡ, ಅದಕ್ಕೂ 12 ಕೂಡಿದರೆ ಎರಡನೆಯ ಹಂತ. ಮೇಲಿನ ಅಂಕ, ಕೆಳಗಿನ ಅಂಕ ಎರಡರಲ್ಲಿ ಯಾವುದು ಕೆಟ್ಟದ್ದೋ ಅದೇ ಲೆಕ್ಕ. ಪೂರ್ತಿ ಕೋಷ್ಟಕ ದೊಡ್ಡದು, ಅದಕ್ಕೇ ಜರಡಿಗಾಗಿ ಒಂದು ಚಿಕ್ಕ ಪಟ್ಟಿ ಮಾಡಿದ್ದಾರೆ. ಕತ್ತರಿಸಿ ಫೈಲಿನಲ್ಲಿ ಇಟ್ಟುಕೊಳ್ಳಿ:

1 ವರ್ಷ: ಗಂಡು 98/52, ಹೆಣ್ಣು 98/54
2 ವರ್ಷ: ಗಂಡು 100/55, ಹೆಣ್ಣು 101/58
3 ವರ್ಷ: ಗಂಡು 101/58, ಹೆಣ್ಣು 102/60
4 ವರ್ಷ: ಗಂಡು 102/60, ಹೆಣ್ಣು 103/62
5 ವರ್ಷ: ಗಂಡು 103/63, ಹೆಣ್ಣು 104/64
6 ವರ್ಷ: ಗಂಡು 105/66, ಹೆಣ್ಣು 105/67

ಈ ಅಂಕಗಳನ್ನು ಬೇಕೆಂದೇ ಗಿಡ್ಡ ಮಕ್ಕಳ ಲೆಕ್ಕದಲ್ಲಿ ಇಟ್ಟಿದ್ದಾರೆ, ಯಾರೂ ತಪ್ಪಿಹೋಗದಿರಲಿ ಎಂದು. ಆದ್ದರಿಂದ ಗೆರೆ ದಾಟಿದ್ದೇ ಕಾಯಿಲೆಯಲ್ಲ. ಮತ್ತೆ ನೋಡಿ, ಎತ್ತರ ಅಳೆದು ಪೂರ್ತಿ ಕೋಷ್ಟಕಕ್ಕೆ ಹಿಡಿಯಬೇಕು. ಎತ್ತರದ ಮಗುವಾಗಿದ್ದರೆ 104 ಸಹಜದ ಹತ್ತಿರವೇ ಇರಬಹುದು, ಗಿಡ್ಡ ಮಗುವಾಗಿದ್ದರೆ ಮೊದಲ ಹಂತದ ಅಂಚು. ಏಳು ತಿಂಗಳಿಗೆ ಹುಟ್ಟಿದವರು ಹೆಚ್ಚಾಗಿ ಗಿಡ್ಡಗಿರುತ್ತಾರೆ, ನೆನಪಿಡಿ. ಇದೇ ಅಂಕಗಳನ್ನು ಹಿಡಿದು ಬಾಂಬೋಳಿಯ ಗೋವಾ ವೈದ್ಯಕೀಯ ಕಾಲೇಜಿನ ಮಕ್ಕಳ ವಿಭಾಗದಲ್ಲಿ ತೋರಿಸಿ. ಅಂಗನವಾಡಿಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಬಂದಾಗ, ಮಗು ದಿನ ತುಂಬದೆ ಹುಟ್ಟಿದ್ದು ಎಂದು ನೀವಾಗಿ ಹೇಳಿ.

ಪ್ರಶ್ನೆ: ಅವಧಿಗಿಂತ ಹತ್ತು ವಾರ ಮೊದಲು ಹುಟ್ಟಿದವನಿಗೆ ಬೆಳವಣಿಗೆಯನ್ನು ವಯಸ್ಸಿನಿಂದ ಎರಡೂವರೆ ತಿಂಗಳು ಕಳೆದು ನೋಡುತ್ತಾರೆ. ಬಿಪಿಗೂ ಕಳೆಯಬೇಕೇ?
(ಘಾಟ್ಕೋಪರ್)

ಉತ್ತರ: ಒಂದು ವರ್ಷ ದಾಟಿದ ಮೇಲೆ ಕಳೆದರೂ ಬಿಟ್ಟರೂ ವ್ಯತ್ಯಾಸವಿಲ್ಲ. ಮೇಲಿನ ಪಟ್ಟಿಯಲ್ಲಿ ಒಂದು ವರ್ಷಕ್ಕೆ ಮೇಲಿನ ಅಂಕ ಏರುವುದು ಒಂದೋ ಎರಡೋ. ಎರಡೂವರೆ ತಿಂಗಳಿಗೆ ಅರ್ಧ ಅಂಕವೂ ಇಲ್ಲ, ಎತ್ತರ ಸರಿಯಾಗಿ ಅಳೆಯುವುದೇ ಮುಖ್ಯ. ಹುಟ್ಟಿದ ಮೊದಲ ವಾರಗಳಲ್ಲಿ ಮಾತ್ರ ಲೆಕ್ಕ ಬೇರೆ, ಅಲ್ಲಿ ಗರ್ಭದ ವಾರವನ್ನೂ ಸೇರಿಸಿ ಎಣಿಸುತ್ತಾರೆ. 40 ವಾರ ತುಂಬಿದ ಹೊತ್ತಿಗೆ ನೂರರಲ್ಲಿ 95ನೆಯ ಅಂಕ ಸುಮಾರು 95/65.

ಪ್ರಶ್ನೆ: ನಾಲ್ಕು ವರ್ಷದ ಮಗನಿಗೆ ಮೂರು ಭೇಟಿಯಲ್ಲೂ ಬಿಪಿ ಮೊದಲ ಹಂತ ಎಂದರು. ಮೂತ್ರ, ಕ್ರಿಯಾಟಿನಿನ್, ಸೋನೋಗ್ರಫಿ, ಎಕೋ (ಹೃದಯದ ಸ್ಕ್ಯಾನ್), 24 ಗಂಟೆಯ ಬಿಪಿ ಮಷಿನ್ ಎಲ್ಲ ಬರೆದುಕೊಟ್ಟಿದ್ದಾರೆ. ಲ್ಯಾಬಿನ ಕಾಗದದಲ್ಲಿ ಕ್ರಿಯಾಟಿನಿನ್ ‘ನಾರ್ಮಲ್’ ಇದೆ. ಉಳಿದದ್ದು ಬೇಕೇ, ವ್ಯಾಪಾರವೇ?
(ಭಾಯಂದರ್)

ಉತ್ತರ: ಕೆಲವು ಬೇಕು, ಕೆಲವು ಈಗ ಬೇಡ. ಮೊದಲು ನೋಡಬೇಕಾದ್ದು ಕಾಸು ಬೀಳದ ಪರೀಕ್ಷೆ: ಕಾಲಿನ ಬಿಪಿ ಮತ್ತು ತೊಡೆಸಂದಿಯ ನಾಡಿ. ಕಾಲಿನಲ್ಲಿ ತೋಳಿಗಿಂತ ಕಡಿಮೆ ಬಂದರೆ, ನಾಡಿ ಮಂದವಾಗಿದ್ದರೆ ಮಹಾಪಧಮನಿ ಕಿರಿದಾಗಿದೆಯೇ ಎಂದು ಎಕೋ ಕೂಡಲೇ ಬೇಕು. ಹಾಗಿಲ್ಲದಿದ್ದರೆ ಎಕೋ ಮಾಡಿಸುವುದು ಔಷಧ ಶುರುಮಾಡುವ ಯೋಚನೆ ಬಂದಾಗ, ಹೃದಯದ ಗೋಡೆ ದಪ್ಪಗಾಗಿದೆಯೇ ನೋಡಲು. 24 ಗಂಟೆಯ ಮಷಿನ್ ಐದು ವರ್ಷಕ್ಕೆ ಮೊದಲು ಉಪಯೋಗವಿಲ್ಲ. ಅದರ ಕೋಷ್ಟಕಗಳು 120 ಸೆಂ.ಮೀ. ಎತ್ತರದಿಂದ ಶುರುವಾಗುತ್ತವೆ. ಸೋನೋಗ್ರಫಿ ಬೇಕು: ಆರು ವರ್ಷದೊಳಗಿನವರಿಗೆ ಮೂತ್ರಪಿಂಡಗಳ ಗಾತ್ರ, ಎರಡರ ನಡುವಿನ ವ್ಯತ್ಯಾಸ, ಸುಣ್ಣ ಕೂತಿದೆಯೇ ಎಂದು ನೋಡಬೇಕಾದ್ದೇ. ಮೂತ್ರದಲ್ಲಿ ಪ್ರೋಟೀನ್ ಇದೆಯೇ ಎಂಬುದೂ ಬೇಕು. ಬೆಳಗಿನ ಮೊದಲ ಮೂತ್ರ ಕೊಟ್ಟರೆ ಗೊಂದಲ ಕಡಿಮೆ.

ಕ್ರಿಯಾಟಿನಿನ್ ‘ನಾರ್ಮಲ್’ ಎಂಬ ಮಾತಿನಲ್ಲಿ ತುಂಬ ಮಂದಿ ಎಡವುತ್ತಾರೆ. ಲ್ಯಾಬು ಅಚ್ಚು ಹಾಕುವ 0.6ರಿಂದ 1.2 ದೊಡ್ಡವರ ಗಡಿ. ಮೂತ್ರಪಿಂಡ ಸೋಸಿ ಹೊರಹಾಕುವ ಕ್ರಿಯಾಟಿನಿನ್ ಬರುವುದು ಸ್ನಾಯುವಿನಿಂದ, ಚಿಕ್ಕ ಮಗುವಿನಲ್ಲಿ ಸ್ನಾಯುವೇ ಕಡಿಮೆ. ಮೂತ್ರಪಿಂಡ ಸೋಸುವ ಶಕ್ತಿಯ ಲೆಕ್ಕ ನೀವೇ ಮಾಡಬಹುದು: ಸೆಂ.ಮೀ.ನಲ್ಲಿ ಎತ್ತರವನ್ನು 0.413ರಿಂದ ಗುಣಿಸಿ ಕ್ರಿಯಾಟಿನಿನ್‌ನಿಂದ ಭಾಗಿಸಿ. ಮಗ 100 ಸೆಂ.ಮೀ., ಕ್ರಿಯಾಟಿನಿನ್ 0.4 ಎಂದರೆ ಸುಮಾರು 103, ಚೆನ್ನಾಗಿದೆ. ಅದೇ 0.8 ಆಗಿದ್ದರೆ ಸುಮಾರು 52, ಅರ್ಧಕ್ಕಿಳಿದ ಹಾಗೆ. ಆದರೂ ಕಾಗದದಲ್ಲಿ ಕೆಂಪು ಗುರುತು ಇರುವುದಿಲ್ಲ. 0.8ಕ್ಕೆ ‘ನಾರ್ಮಲ್’ ಎಂದೇ ಅಚ್ಚಾಗಿರುತ್ತದೆ.

ಎಷ್ಟು ದಿನಕ್ಕೊಮ್ಮೆ ನೋಡಬೇಕು ಎಂದು ಕೇಳಿಲ್ಲ, ಆದರೂ ಹೇಳುತ್ತೇವೆ. ಬರಿ ‘ಏರಿದ’ ಎನ್ನುವ ಹಂತವಾದರೆ ಆರು ತಿಂಗಳಿಗೆ. ಮೊದಲ ಹಂತವಾದರೆ ಒಂದೆರಡು ವಾರಕ್ಕೆ, ಆಗಲೂ ಹಾಗೇ ಇದ್ದರೆ ಮೂರು ತಿಂಗಳಿಗೆ, ಮೂರನೆಯ ಸಲವೂ ಅಷ್ಟೇ ಬಂದರೆ ಪರೀಕ್ಷೆಗಳು ಮತ್ತು ತಜ್ಞರು. ನೀವು ಈಗ ಅಲ್ಲಿದ್ದೀರಿ. ಪರೇಲ್‌ನ ಬಾಯಿ ಜೇರ್‌ಬಾಯಿ ವಾಡಿಯಾ ಮಕ್ಕಳ ಆಸ್ಪತ್ರೆಯಲ್ಲಿ ಮಕ್ಕಳ ಮೂತ್ರಪಿಂಡ ವಿಭಾಗವಿದೆ. ಎರಡನೆಯ ಹಂತವಾದರೆ ವಾರದೊಳಗೆ ತಜ್ಞರ ಬಳಿ ಹೋಗಬೇಕು. 95ನೆಯ ಅಂಕಕ್ಕಿಂತ 30 ಮೇಲಿದ್ದರೆ, ಅಥವಾ ಅಂಕ ಹೆಚ್ಚಿದ್ದು ಜೊತೆಗೆ ಫಿಟ್ಸ್, ಬಿಡದ ವಾಂತಿ, ಎಬ್ಬಿಸಿದರೂ ಏಳದ ಮಂಪರು, ಏದುಸಿರು, ಕೂಸು ಹಾಲು ಮುಟ್ಟದಿರುವುದು ಕಂಡರೆ ಆ ಗಂಟೆಯಲ್ಲೇ ಆಸ್ಪತ್ರೆಯ ತುರ್ತು ವಿಭಾಗ.

ಪ್ರಶ್ನೆ: 30 ವಾರಕ್ಕೆ ಹುಟ್ಟಿದ ಮೊಮ್ಮಗ ಸಣ್ಣಗಿದ್ದಾನೆ. ಎರಡು ವರ್ಷವಾಯಿತು. ತುಪ್ಪ, ಬೆಣ್ಣೆ, ಬಾಳೆಹಣ್ಣು ಕೊಟ್ಟು ಮೈ ತುಂಬಿಸಬೇಕು ಎಂದು ನನ್ನಾಸೆ. ಸೊಸೆ ಬಿಡುವುದಿಲ್ಲ. ಉಪ್ಪೂ ಹಾಕಬೇಡಿ ಎನ್ನುತ್ತಾಳೆ.
(ಒಬ್ಬ ಅಜ್ಜಿ, ಠಾಣೆ)

ಉತ್ತರ: ಅಜ್ಜಿ, ಅರ್ಧ ನ್ಯಾಯ ನಿಮ್ಮದು, ಅರ್ಧ ಸೊಸೆಯದು. ಮೊದಲ ತಿಂಗಳುಗಳಲ್ಲಿ ಇಂಥ ಕೂಸು ತೂಕ ಹಿಡಿಯಲೇಬೇಕು, ಮಿದುಳಿಗೆ ಅದು ಬೇಕು. ಎರಡು ವರ್ಷದ ಮೇಲೆ ಎತ್ತರ ಏರದೆ ತೂಕ ಮಾತ್ರ ಏರುವುದು ಒಳ್ಳೆಯದಲ್ಲ. ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಜೊತೆಗಾರರು ಪುಣೆ ಸುತ್ತಲಿನ ಹಳ್ಳಿಗಳಲ್ಲಿ 1993ರಿಂದ ನಡೆಸಿದ ಅಧ್ಯಯನದಲ್ಲಿ ಕಂಡದ್ದು, ನಮ್ಮ ಕೂಸುಗಳು ಹುಟ್ಟುವಾಗ ಸಣ್ಣಗಿದ್ದರೂ ಮೈಯ ಕೊಬ್ಬಿನ ಪಾಲು ಹೆಚ್ಚೇ ಇರುತ್ತದೆ ಎಂದು. ಸ್ನಾಯು ಕಡಿಮೆ, ಕೊಬ್ಬು ಹೆಚ್ಚು. ಆದ್ದರಿಂದ ಬೆಳವಣಿಗೆಯ ಪಟ್ಟಿಯಲ್ಲಿ ತೂಕದ ಜೊತೆ ಎತ್ತರದ ಗೆರೆಯನ್ನೂ ನೋಡುತ್ತಿರಿ. ಗೆರೆ ತನ್ನ ದಾರಿಯಲ್ಲಿದ್ದರೆ ಸಣ್ಣಗಿದ್ದರೂ ಸರಿ. ಬಾಳೆಹಣ್ಣಿಗೆ ತಡೆಯಿಲ್ಲ, ತುಪ್ಪ ಅನ್ನಕ್ಕೆ ಅರ್ಧ ಚಮಚ ಸಾಕು. ಮೊಟ್ಟೆ, ಬೇಳೆ, ತಾಜಾ ಮೀನು ಹೆಚ್ಚು ಕೊಡಿ.

ಉಪ್ಪು ಪೂರ್ತಿ ಬಿಡುವುದು ಬೇಡ. ಒಂದರಿಂದ ಮೂರು ವರ್ಷದವರಿಗೆ ದಿನಕ್ಕೆ 2 ಗ್ರಾಂ ಮೀರಬಾರದು ಎಂದು ಬ್ರಿಟನ್ನಿನ ಆರೋಗ್ಯ ಸೇವೆ ಹೇಳುತ್ತದೆ, ಅಂದರೆ ಚಹಾ ಚಮಚದ ಮೂರನೇ ಒಂದು ಪಾಲು, ದಿನಕ್ಕೆಲ್ಲ ಸೇರಿ. ಒಂದು ವರ್ಷದೊಳಗೆ ಉಪ್ಪು ಸೇರಿಸುವುದೇ ಬೇಡ. ಮನೆಯ ಸಾರಿನ ಉಪ್ಪಿಗಿಂತ ಹೊರಗಿನದು ಲೆಕ್ಕ ತಪ್ಪಿಸುತ್ತದೆ: ಫರ್ಸಾಣ, ಶೇವ್, ವೇಫರ್ಸ್, ಪಾವ್, ಪ್ಯಾಕೆಟ್ ನೂಡಲ್ಸ್, ಹಪ್ಪಳ, ಉಪ್ಪಿನಕಾಯಿಯ ರಸ, ಊರಿಂದ ಬಂದ ಒಣಮೀನು. ಮಗುವಿನ ಪಾಲನ್ನು ಉಪ್ಪು ಹಾಕುವ ಮೊದಲೇ ತೆಗೆದಿಡಿ. ಆದರೆ ಎನ್‌ಐಸಿಯುವಿಂದ ಬಂದ ಹೊಸದರಲ್ಲಿ ಡಾಕ್ಟರು ಸೋಡಿಯಂ ಹನಿ ಬರೆದಿದ್ದರೆ ಅದನ್ನು ನಿಲ್ಲಿಸಬೇಡಿ. ಅಂಥ ಕೂಸುಗಳ ಮೂತ್ರಪಿಂಡ ಉಪ್ಪನ್ನು ಹಿಡಿದಿಡಲಾರದೆ ಸೋರಿಸುತ್ತದೆ.

ಪ್ರಶ್ನೆ: ಜ್ವರ, ನೆಗಡಿಗೆ ಅಂಗಡಿಯಿಂದ ತರುವ ಔಷಧದಲ್ಲಿ ಏನಾದರೂ ಬಿಡಬೇಕೇ?
(ಮಡಗಾಂವ್)

ಉತ್ತರ: ಜ್ವರಕ್ಕೆ ತೂಕಕ್ಕೆ ತಕ್ಕ ಪ್ಯಾರಾಸಿಟಮಾಲ್ ಸಾಕು. ಐಬುಪ್ರೊಫೆನ್ ಬೆರೆತ ಸಿರಪ್ ಬಿಡಿ, ವಾಂತಿಭೇದಿ ಇದ್ದಾಗಲಂತೂ ಬೇಡವೇ ಬೇಡ. ನೀರು ಕಡಿಮೆಯಾದ ಮೂತ್ರಪಿಂಡಕ್ಕೆ ಅದು ರಕ್ತ ಇನ್ನಷ್ಟು ತಗ್ಗಿಸುತ್ತದೆ. ನೆಗಡಿಯ ಹನಿಯಲ್ಲಿ ಫೀನೈಲೆಫ್ರಿನ್ ಇದ್ದರೆ ಅದು ನಾಳ ಬಿಗಿದು ಬಿಪಿ ಏರಿಸುತ್ತದೆ. ಕ್ಲೋರ್‌ಫೆನಿರಮಿನ್ ಜೊತೆ ಅದು ಸೇರಿದ ಔಷಧವನ್ನು ನಾಲ್ಕು ವರ್ಷದೊಳಗೆ ಕೊಡಬಾರದೆಂದು ಲೇಬಲ್ಲಿನಲ್ಲಿ ಬರೆಯುವಂತೆ ಭಾರತದ ಔಷಧ ನಿಯಂತ್ರಕರು 2023ರ ಡಿಸೆಂಬರಿನಲ್ಲಿ ಕಂಪನಿಗಳಿಗೆ ಹೇಳಿದ್ದಾರೆ. ಮೂಗಿಗೆ ಉಪ್ಪುನೀರಿನ ಹನಿ ಸಾಕು. ಉಬ್ಬಸಕ್ಕೆ ಪ್ರೆಡ್ನಿಸೊಲೋನ್ (ಬಿಪಿ ಏರಿಸಬಲ್ಲ ಸ್ಟೀರಾಯ್ಡ್) ನಡೆಯುತ್ತಿದ್ದರೆ ನಿಲ್ಲಿಸಬೇಡಿ, ಆ ವಾರ ಬಂದ ಬಿಪಿಯ ಪಕ್ಕ ಅದನ್ನು ಬರೆಸಿ.

ಪ್ರಶ್ನೆ: 35 ವಾರಕ್ಕೆ, 2.3 ಕೆಜಿ ಇದ್ದು ಹುಟ್ಟಿದ, ಪೇಟಿಗೆ ಹೋಗದ ಮಗುವಿಗೂ ಇದೆಲ್ಲ ಬೇಕೇ?
(ಕಲ್ಯಾಣ್)

ಉತ್ತರ: ಬೇಡ. ಮೂರು ವರ್ಷ ತುಂಬಿದ ಮೇಲೆ ವರ್ಷಕ್ಕೊಮ್ಮೆ. ನಡುವೆ ಮೂತ್ರದ ಸೋಂಕು ಮರುಕಳಿಸುವಂಥ, ಮೊದಲ ಉತ್ತರದಲ್ಲಿ ಹೇಳಿದ ಬೇರೆ ಕಾರಣ ಇದ್ದರೆ ಮಾತ್ರ ಮೊದಲೇ.

ಪ್ರಶ್ನೆ: ನನಗೇ ಬಸಿರಿನಲ್ಲಿ ಬಿಪಿ ಏರಿ ಮಗುವನ್ನು 30 ವಾರಕ್ಕೆ ತೆಗೆಯಬೇಕಾಯಿತು. ಮೇ ತಿಂಗಳು ಒಂದೂವರೆ ತಿಂಗಳು ಊರಿಗೆ, ಕುಂದಾಪುರಕ್ಕೆ ಹೋಗುತ್ತೇವೆ. ಏನು ಎಚ್ಚರ?
(ಮಾಟುಂಗಾ)

ಉತ್ತರ: ಮೊದಲು ನಿಮ್ಮ ವಿಷಯ. ಬಸಿರಿನಲ್ಲಿ ಬಿಪಿ ಏರಿದ್ದ ತಾಯಂದಿರಿಗೆ ಮುಂದೆಯೂ ಅಧಿಕ ಒತ್ತಡ ಬರುವ ಸಂಭವ ಹೆಚ್ಚು, ಅಂಥ ಬಸಿರಿನ ಮಕ್ಕಳ ಬಿಪಿಯೂ ತುಸು ಮೇಲಿರುತ್ತದೆ. ಮಗುವಿಗೆ ನೋಡಿಸಿದ ದಿನವೇ ನಿಮ್ಮ ತೋಳನ್ನೂ ಕೊಡಿ. ಎಲ್ಲರೂ ಮಗುವಿನ ಫೈಲು ನೋಡುತ್ತಾರೆ, ತಾಯಿಯನ್ನು ಮರೆಯುತ್ತಾರೆ.

ಊರಿಗೆ ಹೋಗುವಾಗ ಡಿಸ್ಚಾರ್ಜ್ ಕಾಗದದ ಪ್ರತಿ ಮತ್ತು ಒಂದೇ ಒಂದು ಹಾಳೆ ಸಾಕು. ಅದರಲ್ಲಿ ಹುಟ್ಟಿದ ವಾರ, ತೂಕ, ಎನ್‌ಐಸಿಯು ದಿನಗಳು, ಹೊಕ್ಕುಳ ನಳಿಕೆ ಇತ್ತೇ, ಇಲ್ಲವೇ, ಕೊನೆಯ ಎತ್ತರ, ಕೊನೆಯ ಮೂರು ಬಿಪಿ ಅಂಕ, ತೋಳಿನ ಸುತ್ತಳತೆ, ಹಿಡಿಸುವ ಪಟ್ಟಿಯ ಅಳತೆ, ಕೊನೆಯ ಕ್ರಿಯಾಟಿನಿನ್, ‘ಐಬುಪ್ರೊಫೆನ್ ಬೇಡ’ ಎಂಬ ಒಂದು ಸಾಲು ಇರಲಿ. ಬಿಪಿಯ ಔಷಧ ನಡೆಯುತ್ತಿದ್ದರೆ ಒಂದೂವರೆ ತಿಂಗಳಿಗಾಗಿ ಹತ್ತು ದಿನದ ಹೆಚ್ಚುವರಿಯೊಂದಿಗೆ ಕೊಂಡೊಯ್ಯಿರಿ. ಮಾತ್ರೆ ಅರೆದು ನೀರಲ್ಲಿ ಕಲಸಿ ಕೊಡುವುದಾದರೆ ಪ್ರತಿ ಸಲ ಹೊಸದಾಗಿ ಕಲಸಿ, ಕೊಡುವ ಮುನ್ನ ಕುಲುಕಿ. ಒಮ್ಮೆಗೇ ಕಲಸಿ ಇಟ್ಟುಕೊಂಡರೆ ಪುಡಿ ತಳಕ್ಕೆ ಕೂತು ಮೊದಲ ದಿನ ನೀರು, ಕೊನೆಯ ದಿನ ಎರಡು ಪಾಲು ಔಷಧ ಎಂದಾಗುತ್ತದೆ. ಬಿಸಿಲಿಗೆ ವಾಂತಿಭೇದಿ ಶುರುವಾದರೆ ಓಆರ್‌ಎಸ್ ಕೊಡುತ್ತ, ಆ ದಿನದ ಬಿಪಿ ಮಾತ್ರೆ ಕೊಡಬೇಕೇ ಎಂದು ಇಲ್ಲಿನ ಡಾಕ್ಟರಿಗೆ ಫೋನು ಮಾಡಿ ಕೇಳಿ. ಎನಾಲಪ್ರಿಲ್‌ನಂಥ ಬಿಪಿ ಮಾತ್ರೆಗಳನ್ನು ನೀರಿಳಿದ ಮಗುವಿಗೆ ಆ ದಿನ ತಡೆಹಿಡಿಯಬೇಕಾಗಬಹುದು.